ನಡಿಗೆಯ ವೇಗಕ್ಕೊಂದು ಫ್ಯಾನು

ಕಾರಿನ ಹಿಂಬದಿಯ ಎಂಜಿನ್ ಮುಚ್ಚಳ ಬಿಗಿದು ಕೂತಿತ್ತು. ಲೇತಿನವನು ಬಿಳಿ ಅಂಗಿಯ ತೋಳು ಮಡಚಿ, ಎರಡು ಸಲ ಗುದ್ದಿ ಅದನ್ನು ಎತ್ತಿದ. ಶೆಡ್ಡಿನ ಬಾಗಿಲಲ್ಲಿ ಅವನ ಅಕ್ಕ ನಿಂತಿದ್ದಳು. ಒಳಮನೆಯಲ್ಲಿ ಅವಳ ಗಂಡ ಪೆಟ್ಟಿಗೆಯಲ್ಲಿ ಮಲಗಿದ್ದ. ಶವದ ಗಾಡಿ ಹನ್ನೊಂದಕ್ಕೆ ಬರುವುದಿತ್ತು.

“ಬೇಡ ಅಕ್ಕ. ಶವದ ಗಾಡಿ ಹೋಗೋದು ನಡಿಗೆ ವೇಗದಲ್ಲಿ. ಈ ಎಂಜಿನ್ನಿಗೆ ನೀರಿಲ್ಲ, ರೇಡಿಯೇಟರಿಲ್ಲ, ಗಾಳಿಯೇ ಗತಿ. ತೆವಳೋ ಕಾರಿಗೆ ಗಾಳಿ ಎಲ್ಲಿಂದ ಬರುತ್ತೆ? ಅರ್ಧ ದಾರೀಲಿ ಕಾದು ಕೂತ್ಬಿಡುತ್ತೆ.”

“ಕೂತ್ರೆ ನಾನೂ ಕೂತಿರ್ತೀನಿ,” ಅಂದಳು ಅಕ್ಕ. “ಆರು ವರ್ಷ ನನ್ನ ಹೆಸರು ಹೇಳ್ಕೊಂಡು ಕಟ್ಟಿದ್ರು. ಒಂದು ದಿನ ಕೂರಿಸ್ಕೊಂಡು ಬೀದಿ ದಾಟ್ಲಿಲ್ಲ. ಇವತ್ತು ಅವರ ಹಿಂದೆ ಇದರಲ್ಲೇ ಬರೋದು. ನೀನು ಓಡಿಸ್ತೀಯೋ, ಬೇರೆಯವರನ್ನ ಕರೀಲೋ?”

ಬಸ್ ಡಿಪೋದಲ್ಲಿ ಮೂವತ್ತು ವರ್ಷ ಊರವರ ಎಂಜಿನ್ ಬಿಚ್ಚಿದ ಭಾವ, ನಿವೃತ್ತನಾದ ಮೇಲೆ ತನ್ನದೂ ಒಂದಿರಲಿ ಎಂದು ಹೊರಟಿದ್ದ. ಗುಜರಿಯಲ್ಲಿ ಸಿಕ್ಕ ಪುಟ್ಟ ಹಳೇ ಕಾರು. ಅದರ ಹೊಟ್ಟೆಗೆ ಮೀರಿದ ದೊಡ್ಡ ಎಂಜಿನ್ನು. ಹೆಂಡತಿಯ ತಮ್ಮನಿಗೆ ಕಬ್ಬಿಣ ಕಡೆಯುವ ಲೇತಿನ ಅಂಗಡಿ ಇತ್ತು, ಹಾಗಾಗಿ ಇಬ್ಬರ ಭಾನುವಾರಗಳೂ ಈ ಶೆಡ್ಡಿನಲ್ಲೇ ಕಳೆದವು. ಕಳೆದ ಹದಿನಾಲ್ಕು ತಿಂಗಳು ಮಾತ್ರ ಲೇತಿನವನು ಇತ್ತ ತಲೆ ಹಾಕಿರಲಿಲ್ಲ.

*

“ಬೆಲ್ಟಿನ ಫ್ಯಾನೇ ಸಾಕು,” ಎಂದಿದ್ದ ಭಾವ, ಆ ಕೊನೆಯ ಭಾನುವಾರ. “ಎಂಜಿನ್ ತಿರುಗಿದ್ರೆ ಅದೂ ತಿರುಗುತ್ತೆ. ನಿನ್ನ ಕರೆಂಟ್ ಫ್ಯಾನಿಗೆ ಬ್ಯಾಟರಿ ಬೇಕು. ಬ್ಯಾಟರಿ ಸತ್ತ ದಿನ ಏನ್ಮಾಡ್ತೀಯ?”

“ಎಂಜಿನ್ ನಿಧಾನ ಆದ್ರೆ ನಿಮ್ಮ ಬೆಲ್ಟೂ ನಿಧಾನ, ಭಾವ. ಗಾಳಿ ಬೇಕಾದಾಗಲೇ ಇರಲ್ಲ. ನನ್ನ ಫ್ಯಾನು ಕಾರು ನಿಂತ್ರೂ ಒಂದೇ ಸಮ ಬೀಸುತ್ತೆ.”

ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ತಟ್ಟೆಯ ಊಟ ಆರಿತು, ಮಾತು ಕಾಯಿತು. ಕೊನೆಗೆ ಲೇತಿನವನು ತಾನು ತಂದಿದ್ದ ಫ್ಯಾನನ್ನು ಗೋಣಿಚೀಲಕ್ಕೆ ತುರುಕಿದ.

“ಇಟ್ಕೊಳ್ಳಿ ನಿಮ್ಮ ಬೆಲ್ಟು. ಈ ಕಾರು ನಿಮ್ಮ ಹೆಣದ ಹಿಂದೆ ಹೋಗೋಕೂ ಲಾಯಕ್ಕಾಗಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವ ಸ್ಪ್ಯಾನರು ಒರೆಸುತ್ತ ಕೂತ.

*

ಮುಚ್ಚಳದೊಳಗೆ ಬೆಲ್ಟಿನ ಫ್ಯಾನು ಇತ್ತು, ಬೆಲ್ಟು ಹೊಸದು. ಅದರ ಪಕ್ಕ, ಎಂಜಿನ್ನಿನ ತಗಡಿನ ಹೊದಿಕೆಯ ಮೇಲೆ ದುಂಡನೆಯದೊಂದು ಬಿಲ್ಲೆ, ನಾಲ್ಕು ಬೋಲ್ಟು. ಇದೇನೆಂದು ಲೇತಿನವನು ಬಿಚ್ಚಿದ. ಒಳಗೆ ನೀಟಾಗಿ ಕತ್ತರಿಸಿದ ತೂತು, ಅಂಚಿನಲ್ಲಿ ತುದಿಗೆ ಟೇಪು ಸುತ್ತಿದ ಎರಡು ವೈರು. ತೂತಿಗೆ ಗೇಣು ಹಾಕಿ ನೋಡಿದ. ಅಳತೆ ಅವನ ಫ್ಯಾನಿನದೇ.

“ಮುಂದೆ ಸ್ಟೇರಿಂಗ್ ಪಕ್ಕ ಒಂದು ಸ್ವಿಚ್ಚೂ ಇದೆ,” ಅಂದಳು ಅಕ್ಕ. “‘ಮುಟ್ಟಬೇಡ, ಅದು ನಿನ್ನ ತಮ್ಮಂದು’ ಅಂತಿದ್ರು. ಭಾನುವಾರ ಆದ್ರೆ ಬೆಳಗ್ಗೇನೇ ಶೆಡ್ಡಿನ ಬಾಗಿಲು ತೆಗೆದಿಡೋರು.”

“ಬಾ ಅಂತ ಒಂದು ಮಾತು ಹೇಳಬಾರ್ದಿತ್ತಾ?”

“ನೀನು ಒಂದು ಹೆಜ್ಜೆ ಬರಬಾರ್ದಿತ್ತಾ?”

ಅವನು ಸ್ಪ್ಯಾನರು ಕೆಳಗಿಟ್ಟ. ಸ್ಕೂಟರ್ ಹತ್ತಿ ತನ್ನ ಅಂಗಡಿಗೆ ಹೋದ. ಗೋಣಿಚೀಲ ಲೇತಿನ ಕೆಳಗೇ ಬಿದ್ದಿತ್ತು, ಮೇಲೆ ಹದಿನಾಲ್ಕು ತಿಂಗಳ ಕಬ್ಬಿಣದ ಪುಡಿ. ತಂದು ಕೂರಿಸಿದರೆ ನಾಲ್ಕೂ ಬೋಲ್ಟು ಬೆರಳಲ್ಲೇ ಒಳಗಿಳಿದವು. ಎರಡು ವೈರನ್ನೂ ಸೇರಿಸಿದ.

ಹನ್ನೊಂದಕ್ಕೆ ಶವದ ಗಾಡಿ ಹೊರಟಿತು. ಹಿಂದೆ ಕಾರು, ಪಕ್ಕದಲ್ಲಿ ಭಾವನ ಡಿಪೋ ಗೆಳೆಯನಾದ ಹಳೇ ಕಂಡಕ್ಟರ್ ಟೋಪಿ ಕಂಕುಳಲ್ಲಿಟ್ಟುಕೊಂಡು ನಡೆದು ಬರುತ್ತಿದ್ದ. ಅಕ್ಕನನ್ನು ಕೂರಿಸಿಕೊಂಡು ಓಡಿಸುತ್ತಿದ್ದ ಲೇತಿನವನ ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ, ಎಂಜಿನ್ನಿನ ಶಾಖ ತೋರಿಸುವ ಮುಳ್ಳಿನ ಮೇಲಿತ್ತು. ಕಾರು ನಿಂತರೆ ತನ್ನ ಹಾಳು ಬಾಯಿಯ ಮಾತು ನಿಜವಾಗುತ್ತದೆ ಎಂದು ಜೀವ ಕೈಯಲ್ಲಿ ಹಿಡಿದಿದ್ದ. ಸೇತುವೆಯ ಹತ್ತಿರ ಮುಳ್ಳು ಕೆಂಪಿನತ್ತ ವಾಲಿತು. ಸ್ವಿಚ್ಚು ಒತ್ತಿದ. ಹಿಂದಿನಿಂದ ಗುಂಯ್ ಎಂಬ ಸದ್ದು ಎದ್ದಿತು. ಮುಳ್ಳು ಅಲ್ಲೇ ನಿಂತು, ಮೆಲ್ಲಗೆ ಹಿಂದಕ್ಕೆ ಸರಿಯಿತು.

“ಕೇಳಿಸ್ತಾ?” ಅಂದ. ಕೇಳಿದ್ದು ಭಾವನನ್ನೆಂದು ಆಮೇಲೆ ಹೊಳೆಯಿತು.

ಮಸಣದ ಗೇಟಿನಲ್ಲಿ ಎಂಜಿನ್ ಆರಿಸಿದ. ಇನ್ನೂ ಬಿಸಿ ಇದೆ, ಬೀಸುತ್ತಿರಲಿ ಎಂದು ಫ್ಯಾನು ಹಾಗೇ ಬಿಟ್ಟ. ಗುಂಡಿ ಇನ್ನೂ ಪೂರ್ತಿ ಅಗೆದಾಗಿರಲಿಲ್ಲ. ಕಾದದ್ದು, ಇಳಿಸಿದ್ದು, ಮಣ್ಣು ಹಾಕಿದ್ದು ಎಲ್ಲ ಸೇರಿ ಒಂದೂವರೆ ಗಂಟೆ ಹಿಡಿಯಿತು. ಅವನಿಗೆ ಫ್ಯಾನಿನ ನೆನಪೇ ಬರಲಿಲ್ಲ.

ತಿರುಗಿ ಬಂದು ಮುಚ್ಚಳ ಎತ್ತಿದಾಗ ಅದರ ರೆಕ್ಕೆಗಳು ಎಣಿಸುವಷ್ಟು ನಿಧಾನವಾಗಿದ್ದವು. ಅವನು ನೋಡುತ್ತಿದ್ದಂತೆಯೇ ನಿಂತವು. ಕೀಲಿ ತಿರುಗಿಸಿದರೆ ಟಿಕ್ ಎಂದಿತು, ಅಷ್ಟೇ.

“ಏನಾಯ್ತೋ?” ಅಂದಳು ಅಕ್ಕ.

“ಬ್ಯಾಟರಿ ಸತ್ತೋಯ್ತು.”

ಅಕ್ಕ ಹಸಿ ಮಣ್ಣಿನ ದಿಬ್ಬದ ಕಡೆ ತಿರುಗಿದಳು. ನಕ್ಕಳೋ, ಬಿಕ್ಕಿದಳೋ. “ಗೆದ್ರು ನೋಡು. ಮಣ್ಣಿಗೆ ಹೋದ್ಮೇಲೂ ಬಿಡ್ಲಿಲ್ಲ.”

‘ನಾನು ಹೇಳಿರ್ಲಿಲ್ವೇನೋ’ ಎಂದು ಭಾವ ಒಂದೇ ಒಂದು ಸಲ ಹಂಗಿಸಿದ್ದರೆ ಸಾಕಿತ್ತು. ಲೇತಿನವನು ಸೋತೆನೆಂದು ಕಾಲು ಹಿಡಿಯುತ್ತಿದ್ದ. ಮುಚ್ಚಳದ ಮರೆಯಲ್ಲಿ ನಿಂತು ಅತ್ತ.

ಕಂಡಕ್ಟರ್ ಡಿಪೋದವರನ್ನು ಕೂಗಿ ಸೇರಿಸಿದ. ಅಕ್ಕ ಮುಂದಿನ ಸೀಟಿನಲ್ಲಿ ಕೂತಳು. “ಜೀವಮಾನವೆಲ್ಲ ಟಿಕೆಟ್ ಹರಿದವನಿಗೆ ಸ್ಟೇರಿಂಗ್ ಸಿಕ್ಕಿದ್ದು ಇವತ್ತು,” ಎಂದು ಗೊಣಗುತ್ತ ಕಂಡಕ್ಟರೇ ಒಳಗೆ ತೂರಿದ. “ತಳ್ರಪ್ಪಾ. ರೈಟ್, ರೈಟ್!”

ಲೇತಿನವನು ತೆರೆದ ಮುಚ್ಚಳದ ಕೆಳಗೆ ಹೆಗಲು ಕೊಟ್ಟು ತಳ್ಳಿದ. ಗಿಯರಿಗೆ ಬಿದ್ದ ಎಂಜಿನ್ನು ಮುಗ್ಗರಿಸಿತು, ಹತ್ತಿಕೊಳ್ಳಲಿಲ್ಲ. ಆದರೆ ಬೆಲ್ಟು ಎಳೆಯಿತು. ಭಾವನ ಫ್ಯಾನು ಒಂದು ಸುತ್ತು, ಎರಡು ಸುತ್ತು ತಿರುಗಿ, ಅವನ ಒದ್ದೆ ಮುಖಕ್ಕೆ ಮೆಲ್ಲಗೆ ಗಾಳಿ ಬೀಸಿತು.