ಕಿಟಕಿಯ ಪಕ್ಕದ ಕಡಲು

ಹುಳಿ ಪರೀಕ್ಷಿಸುವ ಔಷಧದ ಮೂರನೆಯ ತೊಟ್ಟು ಬಿದ್ದ ಮೇಲೂ ಗಾಜಿನ ಕೊಳವೆಯ ನೀರು ಹಳದಿಯಾಗಿಯೇ ಉಳಿಯಿತು. ನೀಲಾಂಬಿಕೆ ಅದನ್ನು ಬಲ್ಬಿನ ಕೆಳಗೆ ಹಿಡಿದು, ತಮ್ಮ ಗುರುಶಾಂತ ತನ್ನ ಕೈಯಾರೆ ಬಣ್ಣ ತುಂಬಿಟ್ಟಿದ್ದ ಪಟ್ಟಿಯ ಪಕ್ಕಕ್ಕೆ ತಂದಳು. ನೇರಳೆಗೆಂಪಿಗೆ ತಿರುಗಿದರೆ ಕಡಲ ನೀರು ಕಡಲಿನಂತೆಯೇ ಇದೆ. ಹಳದಿಯೆಂದರೆ ಅದು ಹುಳಿಯ ಕಡೆಗೆ ಜಾರುತ್ತಿದೆ. ಪಟ್ಟಿಯ ಕೆಳಗೆ ಅವನ ಪುಟ್ಟ ಅಕ್ಷರದ ಸಾಲೊಂದಿತ್ತು: "ಅಕ್ಕ, ಹಳದಿಯಾದರೆ ತಡಮಾಡಬೇಡ."

ಕಡಲ ತೀರದ ಮೀನು ಸಂಶೋಧನಾ ಕೇಂದ್ರದಲ್ಲಿ ಸಹಾಯಕನಾಗಿದ್ದ ಗುರುಶಾಂತ ಕಾಮಾಲೆಯಲ್ಲಿ ತೀರಿಕೊಂಡು ವರ್ಷದ ಮೇಲೆ ಎರಡು ತಿಂಗಳಾಗಿತ್ತು. ಅವನ ಟ್ರಂಕಿನ ಜೊತೆಗೆ ಹುಣಸೂರಿಗೆ ಬಂದದ್ದು ಈ ಗಾಜಿನ ತೊಟ್ಟಿ, ಅದರೊಳಗಿನ ನಾಲ್ಕು ಹವಳದ ಕಲ್ಲುಗಳು, ಮೂರು ಮೀನು. ಕಣ್ಣೂರಿಗೆ ಬಸ್ಸು ಓಡಿಸುವ ಗೋವಿಂದಯ್ಯ ಹದಿನೈದು ದಿನಕ್ಕೊಮ್ಮೆ ಎರಡು ಡಬ್ಬ ಕಡಲ ನೀರು ತಂದು ಇಳಿಸುತ್ತಿದ್ದ. ಈಗ ಉಳಿದಿದ್ದ ಮೀನು ಒಂದೇ. ಕಿತ್ತಳೆ ಬಣ್ಣದ ಮೈಗೆ ಮೂರು ಬಿಳಿ ಪಟ್ಟೆ. "ನೋಡಕ್ಕ, ಇದೂ ವಿಭೂತಿ ಹಚ್ಕೊಂಡೇ ಹುಟ್ಟಿದೆ" ಎಂದು ಗುರುಶಾಂತ ನಗುತ್ತಿದ್ದ. ಆ ಮೀನು ಎರಡು ದಿನದಿಂದ ನೀರಿನ ಮೇಲಂಚಿಗೆ ಬಂದು ಬಾಯಿ ಬಿಡುತ್ತಿತ್ತು. ಹೂವಿನಂತೆ ಅರಳುತ್ತಿದ್ದ ಹವಳದ ಬಾಯಿಗಳು ಮುಚ್ಚಿಕೊಂಡಿದ್ದವು.

ಅವಳಿಗೆ ಉಪಾಯ ಗೊತ್ತಿರಲಿಲ್ಲವೆಂದಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಹೇಳಿದವಳು. ವೀಳ್ಯದ ಸುಣ್ಣವನ್ನು ಮಡಕೆಯಲ್ಲಿ ಕದಡಿ, ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಬತ್ತಿಯ ತುದಿಯಿಂದ ತೊಟ್ಟುತೊಟ್ಟಾಗಿ ತೊಟ್ಟಿಗೆ ಇಳಿಸುತ್ತಿದ್ದಳು. ಒಂದೆರಡು ಗಂಟೆ ಬಣ್ಣ ಏರುತ್ತಿತ್ತು. ಬೆಳಗಾಗುವಷ್ಟರಲ್ಲಿ ಮತ್ತೆ ಹಳದಿ. ಮೊನ್ನೆ ಆಸೆಗೆ ಬಿದ್ದು ಹೆಚ್ಚು ಸುಣ್ಣ ಸುರಿದಾಗ ನೀರೆಲ್ಲ ಮಜ್ಜಿಗೆಯಾಗಿ, ಎರಡನೆಯ ಮೀನು ಅದರಲ್ಲೇ ಹೋಯಿತು.

ಔಷಧವೇ ಹಳತಾಗಿರಬಹುದೆಂದು ಅವಳು ಆ ದಿನ ತೊಟ್ಟಿಯ ನೀರನ್ನು ಅರ್ಧ ಬಾಟಲಿ ತುಂಬಿಕೊಂಡು, ತಮ್ಮನ ಔಷಧದ ಸೀಸೆಯನ್ನೂ ಕೈಚೀಲದಲ್ಲಿಟ್ಟುಕೊಂಡು ಶಾಲೆಗೆ ನಡೆದಳು. ಪ್ರಯೋಗಶಾಲೆಯ ಜವಾನ ರುದ್ರಸ್ವಾಮಿ ಜಗಲಿಯಲ್ಲೇ ಬಾಟಲಿ ಇಸಿದುಕೊಂಡ.

"ಇದೇನ್ ಮೇಡಂ, ಷರಬತ್ತಾ?"

"ಸಮುದ್ರ ಕಣಪ್ಪ."

"ಓಹೋ. ನಮ್ಮಪ್ಪ ಸಮುದ್ರ ನೋಡ್ದೇನೇ ಸತ್ತೋದ. ನಾನು ಬಾಟ್ಲೀಲಾದ್ರೂ ನೋಡ್ದೆ ಬುಡಿ" ಎಂದು ಅವನು ಅದನ್ನು ಬಿಸಿಲಿಗೆ ಹಿಡಿದು, ಅಲೆ ಏಳುತ್ತದೇನೋ ಎಂಬಂತೆ ಜೋರಾಗಿ ಕುಲುಕಿದ. ಬಿರಡೆ ತೆಗೆದು ಮೂಸಿದ. ಮತ್ತೆ ಮುಚ್ಚಿ, ಮತ್ತೆ ಕುಲುಕಿದ.

"ಸಾಕು, ಕೊಡು ಇಲ್ಲಿ."

ಶಾಲೆಯ ಹೊಸ ಔಷಧದಲ್ಲಿ ನೀರು ನೇರಳೆಗೆಂಪಾಯಿತು. ಸದ್ಯ, ಔಷಧದ್ದೇ ತಪ್ಪು ಎಂದು ಉಸಿರುಬಿಟ್ಟು, ತಮ್ಮನ ಸೀಸೆಯಿಂದಲೂ ಮೂರು ತೊಟ್ಟು ಹಾಕಿದಳು. ಅದೂ ನೇರಳೆಗೆಂಪು. ನೀಲಾಂಬಿಕೆ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಅದೇ ನೀರು, ಅದೇ ಔಷಧ. ನಡುವೆ ಆದದ್ದು ಒಂದು ಮೈಲಿ ನಡಿಗೆ, ರುದ್ರಸ್ವಾಮಿಯ ಕುಲುಕಾಟ, ಜಗಲಿಯ ಗಾಳಿ.

ಹಾಗಾದರೆ ಕೆಟ್ಟದ್ದು ನೀರಲ್ಲ, ಮನೆಯ ಗಾಳಿ. ಉಸಿರಿನಿಂದಲೂ ಇದ್ದಿಲಿನಿಂದಲೂ ಏಳುವ ಇಂಗಾಲಾಮ್ಲ ನೀರಿನಲ್ಲಿ ಕರಗಿ ಹುಳಿಯಾಗುತ್ತದೆ, ಹೊರಗಿನ ಗಾಳಿಯಲ್ಲಿ ಕುಲುಕಿದರೆ ಬಿಟ್ಟುಹೋಗುತ್ತದೆ. ಎರಡೇ ಕೋಣೆಯ ಮನೆ. ಒಳಗೆ ಇದ್ದಿಲ ಒಲೆ. ಬೀದಿಯ ಬಾಗಿಲು ಸದಾ ಮುಚ್ಚಿರುತ್ತಿತ್ತು. ತೊಟ್ಟಿಯ ಪಂಪು ದಿನವಿಡೀ ಗುಂಯ್‌ಗುಟ್ಟುತ್ತ ಗುಳ್ಳೆಯೆಬ್ಬಿಸುತ್ತಿದ್ದುದು ನಿಜ. ಆದರೆ ಅದು ಎಳೆದುಕೊಳ್ಳುತ್ತಿದ್ದುದೂ ಅದೇ ಕೋಣೆಯ, ಅವಳೇ ಉಸಿರಾಡಿ ಬಿಟ್ಟ ಗಾಳಿಯನ್ನು. ಇದ್ದ ಕಿಟಕಿ ಒಂದೇ, ತೊಟ್ಟಿಯ ಪಕ್ಕದಲ್ಲೇ. ಅದು ತೆರೆಯುತ್ತಿದ್ದುದು ಪಕ್ಕದ ಮನೆಯ ಭಾಗ್ಯಮ್ಮನ ಅಂಗಳಕ್ಕೆ.

ಒಂದು ಕಾಲಕ್ಕೆ ಆ ಕಿಟಕಿಯಲ್ಲೇ ಅವರಿಬ್ಬರ ಬೆಳಗಾಗುತ್ತಿತ್ತು. ಓದು ಬಾರದ ಭಾಗ್ಯಮ್ಮನಿಗೆ ಕೇಳಿ ಕಲಿತ ವಚನಗಳೇ ನೂರಾರು. ಲಿಂಗಪೂಜೆಗೆ ಕುಳಿತು ಎತ್ತರದ ದನಿಯಲ್ಲಿ ಹೇಳುತ್ತ ಹೋಗುವಳು. ಒಂದು ವಚನದ ನಡುವೆ ಮಾತ್ರ ದಿನವೂ ತಪ್ಪದೆ ತಡವರಿಸುವಳು. ಈ ಕಡೆಯಿಂದ ನೀಲಾಂಬಿಕೆ ಮುಂದಿನ ಸಾಲನ್ನು ಎತ್ತಿಕೊಡುವಳು. ತೊಟ್ಟಿ ಬಂದ ವಾರ, ಅಂಗಳದಲ್ಲಿ ಹೊಗೆಸೊಪ್ಪಿನ ಎಲೆ ವಿಂಗಡಿಸುವ ಹೆಂಗಸರ ನಡುವಿನಿಂದ ಭಾಗ್ಯಮ್ಮನ ಮಾತು ಕೇಳಿಬಂತು: "ಲಿಂಗುಕ್ಕೆ ಪತ್ರೆ, ಮೀನ್ಗೆ ಉಳ. ನಮ್ ಟೀಚರಮ್ಮ ಯಾವ್ದುಕ್ಕೆ ಮೊದ್ಲು ಕೈ ಮುಗೀತಾರೋ ಕಾಣ್ನಲ್ಲ." ಎಲ್ಲರೂ ನಕ್ಕರು. ನೀಲಾಂಬಿಕೆ ಎದ್ದು ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಸೊಪ್ಪಿನ ಘಾಟು ಮೀನಿಗಾಗದು ಎಂದು ತನಗೆ ತಾನೇ ಹೇಳಿಕೊಂಡಳು. ಅದೂ ಸುಳ್ಳಾಗಿರಲಿಲ್ಲ.

ಸಂಜೆ ಮನೆಗೆ ಬಂದವಳೇ ಚಿಲಕ ತೆಗೆದು ತಳ್ಳಿದಳು. ಕದ ಅಲುಗಲಿಲ್ಲ. ಸಂದಿನಲ್ಲಿ ಗೋಣಿಯ ನಾರು ಕಂಡಿತು. ಈ ಸಲದ ಸೊಪ್ಪಿನ ಮೂಟೆಗಳನ್ನು ಆಚೆಯಿಂದ ಕದಕ್ಕೇ ಒಟ್ಟಿದ್ದರು. ತೊಟ್ಟಿಯಲ್ಲಿ ಮೀನು ಓರೆಯಾಗಿ ತೇಲುತ್ತ, ಬಾಯಿ ತೆರೆಯುತ್ತ, ಮುಚ್ಚುತ್ತ ಇತ್ತು. ಅವಳು ಸೆರಗು ಸರಿಪಡಿಸಿಕೊಂಡು ಬೀದಿ ಸುತ್ತಿ ಅಂಗಳಕ್ಕೆ ಹೋದಳು.

"ಭಾಗ್ಯಕ್ಕ, ಆ ಮೂಟೆಗಳನ್ನ ಸ್ವಲ್ಪ ಆಚೆಗೆ ಇಡಿಸ್ತೀರಾ? ಕಿಟಕಿ ತೆಗೀಬೇಕು."

ಎಲೆಯ ಮೇಲಿದ್ದ ಭಾಗ್ಯಮ್ಮನ ಕೈ ನಿಂತಿತು. ತಲೆ ಮಾತ್ರ ಏಳಲಿಲ್ಲ.

"ಯಾವ್ ಕಿಟ್ಕಿ? ಓ, ಅದಾ. ನಾವು ಅದ್ನ ಗ್ವಾಡೆ ಅನ್ಕಂಡಿದ್ದೊ ಕಣ್ರೀ."

ಪಕ್ಕದಲ್ಲಿ ಎಲೆ ಜೋಡಿಸುತ್ತಿದ್ದ ನಿಂಗಿ ಕಿಸಕ್ಕೆಂದಳು.

"ಗಾಳಿ ಬೇಕಾಗಿತ್ತು."

"ನಿಮ್ಗೋ, ಮೀನ್ಗೋ?"

ನೀಲಾಂಬಿಕೆ ಕಿಟಕಿಯ ಕಡೆಗೆ ನೋಡಿದಳು. ನಡೆದು ಬಂದ ದಾರಿಯಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಎಲ್ಲೋ ಉದುರಿಹೋಗಿತ್ತು.

"ಮೀನಿಗೆ" ಎಂದಳು. "ಸಾಯ್ತಾ ಇದೆ ಭಾಗ್ಯಕ್ಕ. ನಮ್ಮ ಗುರುಶಾಂತನ ಮೀನು. ಇರೋದು ಅದೊಂದೇ."

ಭಾಗ್ಯಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. "ಏಳೇ ನಿಂಗಿ, ಒಂದ್ ಕೈ ಇಡಿ. ಕುಂತ್ಕಂಡು ಅಲ್ ಕಿರೀತಾಳೆ."

ಏಳು ಮೂಟೆ. ಒಂದೊಂದೂ ಗೋಡೆಯಿಂದ ಜರುಗುವಾಗ ಕಂದು ಧೂಳು ಎದ್ದಿತು. ನೀಲಾಂಬಿಕೆ ಒಳಗೆ ಬಂದು ತೊಟ್ಟಿಯ ಮೇಲೆ ಒದ್ದೆ ಪಂಚೆ ಹೊದಿಸಿ, ಧೂಳು ಅಡಗಿದ ಮೇಲೆ ಕದ ತಳ್ಳಿದಳು. ತಿರುಗಣಿ ಕಿರುಗುಟ್ಟಿತು. ಬೆಳಕು ಮೊಣಕೈಯುದ್ದ ಒಳಗೆ ಬಿತ್ತು. ಅವಳು ಪಂಚೆ ತೆಗೆದಾಗ ಭಾಗ್ಯಮ್ಮ ಸರಳಿನ ಸಂದಿಗೆ ಮುಖವಿಟ್ಟು ಬಗ್ಗಿ ನೋಡಿದಳು.

"ಇಷ್ಟೇಯಾ? ನನ್ ಎಬ್ಬೆಟ್ಟಷ್ಟೂ ಇಲ್ವಲ್ರೀ."

ನೀಲಾಂಬಿಕೆಯ ಉತ್ತರಕ್ಕೆ ಕಾಯದೆ ಅವಳು ಎಲೆಯ ರಾಶಿಯ ಕಡೆಗೆ ಹೊರಟುಹೋದಳು.

ರಾತ್ರಿ ಕಿಟಕಿ ತೆರೆದೇ ಇತ್ತು. ನಸುಕಿನಲ್ಲಿ ಎದ್ದವಳು ಮೊದಲು ತೊಟ್ಟಿಗೆ ಬಗ್ಗಿದಳು. ಮೀನು ಕಲ್ಲಿನ ಬುಡದಲ್ಲಿ ನೆಟ್ಟಗೆ ನಿಂತು ರೆಕ್ಕೆಯಾಡಿಸುತ್ತಿತ್ತು. ಹೊರಗೆ, ಮೂಟೆಗಳೂ ಎಲೆಯ ರಾಶಿಯೂ ಅಂಗಳದ ಆ ತುದಿಗೆ, ಗಾಳಿ ಇತ್ತ ಬೀಸದ ಮೂಲೆಗೆ ಹೋಗಿದ್ದವು. ಯಾವಾಗ ಸಾಗಿಸಿದರೋ ಅವಳಿಗೆ ಕೇಳಿಸಿರಲಿಲ್ಲ.

ಕೊಳವೆಗೆ ನೀರು ತುಂಬಿ ತೊಟ್ಟು ಹಾಕುತ್ತಿದ್ದಾಗ ಪಕ್ಕದ ಮನೆಯಿಂದ ಗಂಟೆಯ ಸದ್ದು, ಅದರ ಹಿಂದೆಯೇ ಭಾಗ್ಯಮ್ಮನ ದನಿ. ವಚನದ ಮೇಲೆ ವಚನ ಹೇಳುತ್ತ ಬಂದ ಆ ದನಿ, ಹಿಂದೆಲ್ಲ ನಿಲ್ಲುತ್ತಿದ್ದ ಕಡೆಯೇ ನಿಂತಿತು. ನೀಲಾಂಬಿಕೆ ಕಾದಳು. ದನಿ ಮುಂದೆ ಹೋಗಲಿಲ್ಲ.

ಅವಳು ಮುಂದಿನ ಸಾಲನ್ನು ಹೇಳಿದಳು. ಹದಿನಾಲ್ಕು ತಿಂಗಳು ಮಕ್ಕಳಿಗೆ ಪಾಠ ಹೇಳುವುದಕ್ಕಷ್ಟೇ ಬಳಸಿದ ಗಂಟಲು. ಮೀನಿಗೆ ಕೇಳಿಸಿದ್ದರೆ ಹೆಚ್ಚು.

ಅಂಗಳದಲ್ಲಿ ಏನೂ ಅಲುಗಲಿಲ್ಲ. ಅವಳು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಳು. ಹಳದಿಯ ಅಂಚಿನಲ್ಲಿ ಒಂದು ಎಳೆ ಕೆಂಪು ಇಳಿಯತೊಡಗಿತ್ತು.