ಮೇಲಿನ ಹಲಗೆಯ ತೇವ

ಒದ್ದೆ ಗುರುತು ಮತ್ತೆ ಅಲ್ಲೇ ಇದೆ, ಮೇಲಿನ ಹಲಗೆಯ ಮೂಲೆಯಲ್ಲಿ, ಉದ್ದಕ್ಕೆ, ಒಂದು ತೊಡೆಯಷ್ಟು ಅಗಲ — ಒಂದೇ ಯಾಕೆ, ಕೂತು ಎದ್ದವರದ್ದಾದರೆ ಎರಡಿರಬೇಕಲ್ಲ, ಸೂರಿನಿಂದ ತೊಟ್ಟಿಕ್ಕಿದ್ದೇನೋ, ಇಲ್ಲ, ಸೂರು ಒಣಗಿ ಬಿರಿದಿದೆ, ನನಗಿಂತ ಮುಂಚೆ ಬಂದವರೂ ಇಲ್ಲ, ಮೂರನೇ ಮಹಡಿಯವರು ಮನೆ ಬಿಟ್ಟ ಮೇಲೆ ಶುಕ್ರವಾರದ ಐದು ಗಂಟೆಯ ಸರದಿ ಖಾಲಿ, ಆರು ಗಂಟೆ ನಮ್ಮದು, ಅಮ್ಮನ ಕಾಲದಿಂದ ನಮ್ಮದು, ಇಡೀ ಕಟ್ಟಡಕ್ಕೆ ಒಂದೇ ಆದ ಈ ನೆಲಮಾಳಿಗೆಯ ಉಗಿಮನೆಯಲ್ಲಿ, ಈ ಸೌನಾದಲ್ಲಿ, ಶುಕ್ರವಾರದ ಸರದಿ ಒಮ್ಮೆ ಕೈಗೆ ಸಿಕ್ಕರೆ ಯಾರೂ ಬಿಡುವುದಿಲ್ಲ, ಅಮ್ಮ ಹೋದಳು, ಸರದಿ ಉಳಿಯಿತು, ಮನೆಯ ಜೊತೆ ನನ್ನ ಪಾಲಿಗೆ ಬಂತು. ಹೋದ ಶುಕ್ರವಾರವೂ ಆ ತೇವ ಕಂಡಿದ್ದೆ, ಅದರ ಹಿಂದಿನ ವಾರವೂ, ಗಂಡ ಓಸ್ಮೊಗೆ ಹೇಳಿದರೆ ನಕ್ಕ, ನೀನೇ ಕೂತಿರ್ತೀಯ ಕಣೇ ಮೆರ್ಯಾ, ಮರೆತಿರ್ತೀಯ, ಈಗ ನಿನಗೇನು ನೆನಪಿರತ್ತೆ ಹೇಳು. ಇರಬಹುದು, ಅದೇ ಭಯ, ನಾನೇ ಕೂತು ಎದ್ದು ಮರೆತಿರಬಹುದು.

ಬಾಗಿಲು ಮುಚ್ಚಿ ಬಟ್ಟೆ ಬಿಚ್ಚುವ ಕೋಣೆಗೆ ವಾಪಸ್ಸು ಬಂದೆ, ಬೆಂಚಿನ ಮೇಲೆ ಜೆಲ್ಲಿನ ಟ್ಯೂಬು, ಇನ್ನೂ ಸೀಲು ಒಡೆದಿಲ್ಲ, ಉಗಿಯ ಹತ್ತಿರವೂ ಹೋಗಿಲ್ಲ ಆದರೂ ಬಂತು ನೋಡು, ಎದೆಯ ಕೆಳಗಿಂದ ಹೊರಟು ಕುತ್ತಿಗೆ, ಕಿವಿ, ನೆತ್ತಿ, ಯಾರೋ ನನ್ನೊಳಗೆ ಒಲೆ ಹಚ್ಚಿಟ್ಟು ಹೋದ ಹಾಗೆ, ಆಮೇಲೆ ಬೆವರು, ಆಮೇಲೆ ನಡುಕ — ಮಂಗಳವಾರ ಟ್ರಾಮ್ ಓಡಿಸುತ್ತಿರುವಾಗ ಹೀಗೇ ಬಂತು, ಕಲ್ಲಿಯೊ ಏರಿನಲ್ಲಿ, ನಿಲ್ದಾಣ ಕಣ್ಣೆದುರಿಗಿದೆ, ಜನ ನಿಂತಿದ್ದಾರೆ, ಹಿಡಿಕೆ ಯಾವ ಕಡೆ ಎಳೆಯಬೇಕು ಅನ್ನುವುದೇ ಕೈಗೆ ತಿಳಿಯಲಿಲ್ಲ, ಒಂದು ಗಳಿಗೆ ಅಷ್ಟೇ, ನಿಂತಿತು, ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ರಾತ್ರಿ ನಿದ್ದೆಯಿಲ್ಲದವಳ ಹಿಂದೆ ಬೋಗಿ ತುಂಬ ಜನ. ಡಾಕ್ಟರ್ ಒಳ್ಳೆಯ ಹುಡುಗಿ, ಮುಟ್ಟು ನಿಲ್ಲೋ ಕಾಲದ ಸೆಕೆ ಇದು ಅಂದಳು, ಬೆರಳು ಮಡಚಿ ಹೇಳಿದಳು, ಹಾರ್ಮೋನ್ ಜೆಲ್ ಇದೆ, ತೊಡೆಗೆ ಹಚ್ಚೋದು, ಅದರ ಜೊತೆಗೆ ರಾತ್ರಿ ಮಲಗೋ ಮುಂಚೆ ಒಂದು ಮಾತ್ರೆ, ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡೋದು ಅದೇ, ಬೇಡ ಅಂದ್ರೆ ಹಾರ್ಮೋನ್ ಇಲ್ಲದ ಮಾತ್ರೆ, ಸೆಕೆ ಸ್ವಲ್ಪ ಇಳಿಯತ್ತೆ, ಇಲ್ಲಾಂದ್ರೆ ಮಾತಾಡಿ ಮನಸ್ಸು ಪಳಗಿಸೋ ಚಿಕಿತ್ಸೆ, ನಿದ್ದೆಗೆ ಒಳ್ಳೇದು, ಏನೂ ಬೇಡ ಅಂದ್ರೆ ಕಾಯೋದು, ಎಷ್ಟು ದಿನ ಡಾಕ್ಟರೇ, ಕೆಲವರಿಗೆ ವರ್ಷಗಟ್ಟಲೆ. ನಿಮ್ಮ ತಾಯಿಗೆ ಮೊಲೆಯ ಕ್ಯಾನ್ಸರ್ ಅಂದ್ರಿ, ಎಪ್ಪತ್ತು ದಾಟಿದ ಮೇಲೆ ಅಲ್ವಾ, ಅವರು ಹಾರ್ಮೋನ್ ತಗೋತಿದ್ರಾ, ಇಲ್ಲ ಅಂತ ಅಕ್ಕ ಹೇಳ್ತಾಳೆ, ಸರಿ, ನಿಮ್ಮ ಪರೀಕ್ಷೆ ಚೆನ್ನಾಗಿದೆ, ಕೊಡಬಾರದು ಅಂತೇನಿಲ್ಲ, ಅಪಾಯ ಚೂರೂ ಇಲ್ಲ ಅಂತಲೂ ಹೇಳಲ್ಲ, ತೂಗಿ ನೋಡಬೇಕಾದವರು ನೀವು. ತೂಗುವುದಂತೆ, ಯಾವ ತಕ್ಕಡಿಯಲ್ಲಿ, ಒಂದು ಕಡೆ ಟ್ರಾಮ್, ಇನ್ನೊಂದು ಕಡೆ ಅಮ್ಮನ ಎದೆಯ ಮೇಲಿನ ಹೊಲಿಗೆ. ಅಕ್ಕ ಸೈಯಾ ಫೋನಿನಲ್ಲಿ ಸಿಡುಕಿದಳು, ಅಮ್ಮ ಏನೂ ಹಚ್ಚಲಿಲ್ಲ, ಏನೂ ನುಂಗಲಿಲ್ಲ, ಹಲ್ಲು ಕಚ್ಚಿ ಒಂದು ಚಳಿಗಾಲ ಕಳೆದ್ಲು, ಆಮೇಲೆ ಹೆಂಗೆ ನಗ್ತಿದ್ಲು, ಹಾಡ್ತಿದ್ಲು, ನಿನಗೇನೇ ಧಾಡಿ. ಹೌದು, ಆ ಚಳಿಗಾಲ ನೆನಪಿದೆ, ಅಮ್ಮ ಬಾಲ್ಕನಿಯ ಹಿಮದಲ್ಲಿ ಬರಿಗಾಲಲ್ಲಿ ನಿಂತು ಅಳುತ್ತಿದ್ದಳು, ಮುಂದಿನ ಚಳಿಗಾಲ ಸೌನಾದಲ್ಲಿ ಕೂತು ಹಾಡುತ್ತಿದ್ದಳು, ಸಹಿಸಿದ್ದಕ್ಕೆ ಬಂದ ಹಾಡು ಅಂತ ನಾವು ನಂಬಿದ್ದೆವು. ಏನೂ ಮುಟ್ಟದವಳಿಗೂ ಆ ರೋಗ ಬಂತು ಅಂದ ಮೇಲೆ ನಾನು ಯಾಕೆ ಹೆದರಬೇಕು — ಇದೊಂದೇ ಧೈರ್ಯ, ಇದನ್ನು ಹಿಡಿದುಕೊಂಡೇ ಸೀಲು ಒಡೆದೆ, ಎಡತೊಡೆಗೆ ಹಚ್ಚಿದೆ, ತಣ್ಣಗಿತ್ತು. ಒಂದು ಗಂಟೆ ನೀರು ಸೋಕಿಸಬೇಡಿ ಅಂದಿದ್ದಳು ಡಾಕ್ಟರ್, ಥೂ, ಸೌನಾದಿಂದ ಬಂದ ಮೇಲೆ ಹಚ್ಚಬೇಕಿತ್ತು, ಒಂದು ಗಂಟೆ ಕೂತರೆ ಸರದಿ ಮುಗಿದೇ ಹೋಗುತ್ತದೆ, ಏಳಕ್ಕೆ ಮುಂದಿನವರು ಬಾಗಿಲು ಬಡಿಯುತ್ತಾರೆ, ಶುಕ್ರವಾರದ ಸೌನಾ ಬಿಡುವುದುಂಟೇ, ಹಲಗೆಗೆ ಹಾಸಿ ಕೂರುವ ದಪ್ಪ ಬಟ್ಟೆಯನ್ನೇ ಎಡತೊಡೆಗೆ ಬಿಗಿಯಾಗಿ ಸುತ್ತಿಕೊಂಡೆ, ತುದಿ ಒಳಗೆ ಸಿಕ್ಕಿಸಿದೆ —

ಈ ಸುತ್ತು ನಾನು ನೋಡಿದ್ದೇನೆ. ಅಮ್ಮನ ಎಡತೊಡೆಯಲ್ಲಿ, ಅಮ್ಮ ಹಾಡುತ್ತಿದ್ದ ವರ್ಷಗಳಲ್ಲೆಲ್ಲ, ಎಲ್ಲರೂ ಬಟ್ಟೆ ಹಾಸಿ ಕೂತರೆ ಅವಳು ಸುತ್ತಿಕೊಂಡು ಕೂರುವಳು, ಈ ಕಡೆ ನೀರು ಹಾರಿಸ್ಬೇಡ್ರೇ, ಚಳಿ ಆಗತ್ತೆ, ಸೌನಾದೊಳಗೆ ಚಳಿಯಂತೆ, ಸೈಯಾ ನಾನು ಬಿದ್ದು ಬಿದ್ದು ನಗುತ್ತಿದ್ದೆವು, ಎದ್ದರೆ ಹಲಗೆಯ ಮೇಲೆ ಬಲತೊಡೆಯ ಗುರುತು ಮಾತ್ರ — ಅಯ್ಯೋ ಅಮ್ಮಾ, ನೀನೂ ಜೆಲ್ ಹಚ್ಚುತ್ತಿದ್ದೆ, ಬಾಯಿ ಬಿಡದೆ ಹಚ್ಚುತ್ತಿದ್ದೆ, ಶುಕ್ರವಾರವೂ ಬಿಡದೆ. ಒಳಗೆ ಹೋದೆ, ಆ ತೇವದ ಪಕ್ಕ ಕೂತೆ, ಮುಟ್ಟಿದೆ, ಬೆಚ್ಚಗಿದೆ. ಹಾಗಾದರೆ ಆ ಧೈರ್ಯವೂ ಹೋಯಿತು, ಹಚ್ಚಿದವಳಿಗೇ ಬಂತು ರೋಗ, ಹಚ್ಚಿದ್ದರಿಂದಲೋ, ಹಚ್ಚದಿದ್ದರೂ ಬರುತ್ತಿತ್ತೋ, ಯಾವ ಡಾಕ್ಟರೂ ಇನ್ನು ಹೇಳಲಾರಳು. ಒಲೆಯ ಕಾದ ಕಲ್ಲಿಗೆ ಎರಚಿ ಎರಚಿ ಬಕೆಟ್ಟಿನ ತಳದಲ್ಲಿ ಒಂದೇ ಸೌಟು ನೀರು ಉಳಿದಿದೆ, ಬಟ್ಟೆ ಬಿಚ್ಚಿ ತೊಡೆಗೆ ಸುರಿದುಕೊಂಡರೆ ಮುಗಿಯಿತು, ತೊಳೆದುಹೋಗುತ್ತದೆ, ನಾನು ಮತ್ತೆ ಬಾಲ್ಕನಿಗೆ, ಹಿಮಕ್ಕೆ, ಟ್ರಾಮಿನ ಹಿಡಿಕೆಗೆ. ಅಮ್ಮ ಹಾಡಿದಳು, ಇಪ್ಪತ್ತು ವರ್ಷ ಹಾಡಿದಳು, ನನಗೂ ಮಲಗಬೇಕು, ನನಗೂ ನಗಬೇಕು, ಹೆದರಿಕೆ ಇದ್ದರೂ ಇರಲಿ, ಪರೀಕ್ಷೆಗೆ ತಪ್ಪದೆ ಹೋಗುತ್ತೇನೆ. ಕೊನೇ ಸೌಟು ನಮ್ಮದಲ್ಲ ಕಣ್ರೇ, ನಾವು ಹೋದ ಮೇಲೆ ಇಲ್ಲಿ ಇರೋರಿಗೆ, ಕಣ್ಣಿಗೆ ಕಾಣದೋರಿಗೆ, ಅನ್ನುತ್ತಿದ್ದಳು ಅಮ್ಮ ಪ್ರತಿ ವಾರ, ಎದ್ದು ಬಾಗಿಲ ಹತ್ತಿರ ನಿಂತು ಸೌಟು ಎತ್ತಿ ಕಲ್ಲಿನ ಮೇಲೆಯೇ ಎರಚಿದೆ, ಉಸ್ಸೆಂದು ಉಗಿ ಎದ್ದಿತು, ಎಲ್ಲ ಬಿಳುಪಾಯಿತು, ಒಳಗೆ ಯಾರೋ ನಿಡಿದಾಗಿ ಉಸಿರು ಬಿಟ್ಟ ಹಾಗೆ, ನಾನಲ್ಲ, ಉಗಿ ಇಳಿಯಿತು, ಮೇಲಿನ ಹಲಗೆಯಲ್ಲಿ ಅವಳದು, ಪಕ್ಕದಲ್ಲಿ ನನ್ನದು, ಎರಡು ಬಲತೊಡೆ, ನನ್ನದು ಆರುತ್ತಿದೆ, ಅವಳದು ಇನ್ನೂ ಒದ್ದೆ