ಅತ್ತಿಮರದ ಜಗಳ

“ಎತ್ಕೊಳ್ಳಿ ಆ ಹೂವನ್ನ!”

ಶವದ ಕಾಲ ಬಳಿ ಹೂವಿಟ್ಟು ಏಳುತ್ತಿದ್ದ ಪಾರ್ಕಿನ ಮಾಲಿ ಹಾಗೆಯೇ ನಿಂತ. ತೀರಿಹೋದ ಶಿಶುವಿಹಾರದ ಮಿಸ್ಸಿನ ತಂಗಿ ಆ ಹೂಗಳನ್ನು ಕೈಯಿಂದ ತಳ್ಳಿ ನೆಲಕ್ಕೆ ಬೀಳಿಸಿದಳು. ಪುಟ್ಟ ನಡುಮನೆಯಲ್ಲಿ ಕೂತಿದ್ದವರೆಲ್ಲ ಅವನನ್ನೇ ನೋಡಿದರು.

“ಬದುಕಿದ್ದಾಗ ಒಂದು ಎಲೆ ಮುಟ್ಟೋಕೆ ಬಿಡ್ಲಿಲ್ಲ. ಈಗ ಬೊಗಸೆ ತುಂಬ ತಂದಿದ್ದಾರೆ ದೊಡ್ಡಮನುಷ್ಯರು!”

“ಪಾರ್ಕಿಂದಲ್ಲಮ್ಮ. ಅಂಗಡೀದು.”

“ಅದೇ ಅಂದ್ಕೊಂಡೆ. ಪಾರ್ಕಿನ ಹೂ ಕೀಳೋಷ್ಟು ದುಃಖ ನಿಮಗೆಲ್ಲಿಂದ ಬರಬೇಕು!”

ನಗು ತಡೆಯಲು ಯಾರೋ ಕೆಮ್ಮಿದರು. ಶಿಶುವಿಹಾರದ ಆಯಾ ಮಾತ್ರ ಮುಖ ಗಂಟಿಕ್ಕಿಕೊಂಡೇ ಇದ್ದಳು. “ಇವರ ಅರ್ಜಿ ಹೋದ್ಮೇಲೇ ಅಲ್ವಾ ಪಾರ್ಕಿನ ಅತ್ತಿಮರಕ್ಕೆ ಬೇಲಿ ಬಂದಿದ್ದು? ಬೇಲಿ ಬಂದು ತಿಂಗಳಾಗ್ಲಿಲ್ಲ, ನಮ್ಮ ಮಿಸ್ ಹೋಗ್ಬಿಟ್ರು.”

“ಎದೆನೋವಿಗೂ ಬೇಲಿಗೂ ಏನಮ್ಮ ಸಂಬಂಧ?” ಎಂದ ಮಾಲಿ. ಅಂದ ಮೇಲೆ ತನ್ನ ದನಿ ತನಗೇ ಒರಟಾಗಿ ಕೇಳಿಸಿತು.

*

ಇಪ್ಪತ್ತೆರಡು ವರ್ಷದ ಜಗಳ ಅದು. ಪಾರ್ಕಿಗೆ ಬರುವವರು ಮಾಲಿ, ಮಿಸ್ಸು ಇಬ್ಬರನ್ನೂ ಹಾವು ಮುಂಗುಸಿ ಎನ್ನುತ್ತಿದ್ದರು. ದಿನವೂ ಹತ್ತೂವರೆಗೆ ಮಿಸ್ಸು ಇಪ್ಪತ್ತು ಚಿಳ್ಳೆಪಿಳ್ಳೆಗಳನ್ನು ತಂದು ಅತ್ತಿಮರದ ಬುಡಕ್ಕೆ ಬಿಡುತ್ತಿದ್ದಳು. ಕೆಲವರು ಹತ್ತುವರು, ಕೆಲವರು ಬೇರಿನ ಸಂದಿಯಲ್ಲಿ ಮಣ್ಣಿನ ಅಡುಗೆ ಮಾಡುವರು, ಇನ್ನು ಕೆಲವರು ಕಾಂಡಕ್ಕೆ ಕಿವಿಯಿಟ್ಟು ನಿಲ್ಲುವರು.

“ಮಿಸ್ಸೇ, ಇದು ಮರಾನೋ ಟೆಲಿಫೋನೋ?” ಎಂದು ಮಾಲಿ ಕೂಗುವನು.

“ಸ್ವಲ್ಪ ಸುಮ್ನಿರಿ. ಅದು ನಿಮ್ಮ ಮೇಲೇ ಚಾಡಿ ಹೇಳ್ತಿದೆ.”

ಮಕ್ಕಳು ಕೇಕೆ ಹಾಕುವರು. ಮಾಲಿ ಕೋಲು ಹುಡುಕುವನು.

ಅವನ ಸಿಟ್ಟಿಗೆ ಕಾರಣವಿರಲಿಲ್ಲವೆಂದಲ್ಲ. ಬೇರು ನೆಲ ಬಿಟ್ಟು ಎದ್ದಿತ್ತು, ತೊಗಟೆ ಸುಲಿದಿತ್ತು, ಈ ವರ್ಷ ಮರದ ಒಂದು ಬದಿ ಚಿಗುರಲೇ ಇಲ್ಲ. “ಆರು ತಿಂಗಳು ಇದಕ್ಕೆ ರಜೆ ಕೊಡಿ ಮಿಸ್ಸೇ,” ಎಂದು ಒಮ್ಮೆ, ಒಂದೇ ಒಮ್ಮೆ, ಮೆತ್ತಗೆ ಕೇಳಿದ್ದ.

“ಆರು ತಿಂಗಳಲ್ಲಿ ಈ ಮಕ್ಕಳು ಒಂದನೇ ಕ್ಲಾಸಿಗೆ ಹೋಗ್ಬಿಡ್ತಾರೆ. ಆಮೇಲೆ ಇವರನ್ನ ಮರ ಹತ್ತೋಕೆ ಯಾರ್ರೀ ಬಿಡ್ತಾರೆ?”

ಮರುದಿನವೇ ಅವನು ಮರಕ್ಕೆ ಬೇಲಿ ಹಾಕಿಸಿ ಎಂದು ಪಾಲಿಕೆಗೆ ಅರ್ಜಿ ಬರೆಸಿದ.

*

ವ್ಯಾನು ಬಂತು. ಶವ ಎತ್ತುವವರ ಜೊತೆ ಮಾಲಿಯೂ ಕೈಚಾಚಿದ. ತಂಗಿ ಅಡ್ಡ ಬಂದಳು.

“ನೀವು ಮುಟ್ಟಬೇಡಿ.”

ಅವನು ಕೈ ಹಿಂದಕ್ಕೆಳೆದುಕೊಂಡು ಗೇಟಿನ ಹೊರಗೆ ಹೋಗಿ ನಿಂತ. ಚಪ್ಪಲಿ ಮೆಟ್ಟುತ್ತಿದ್ದ ಆಯಾ ಅವನ ಮುಖ ನೋಡದೆ ಹೇಳಿದಳು: “ಮಿಸ್ ಏನಂತಿದ್ರು ಗೊತ್ತಾ? ‘ಇನ್ನು ನಾಲ್ಕೇ ತಿಂಗಳು. ಆ ಮುದಿಗೂಬೆ ರಿಟೈರ್ ಆಗ್ಲಿ, ಬೇಲೀನ ನಾನೇ ಕಿತ್ತು ಬಿಸಾಕ್ತೀನಿ’ ಅಂತ.”

ಮಾಲಿ ತಲೆಯಾಡಿಸಿದ. “ಕೀಳೋರೇ. ಬಿಡೋ ಪೈಕಿ ಅಲ್ಲ.”

ಆಯಾ ವ್ಯಾನ್ ಹತ್ತಿದಳು. ಅವನಿಗೆ ಯಾರೂ ಜಾಗ ಬಿಡಲಿಲ್ಲ.

ಪಾರ್ಕಿಗೆ ಬಂದವನೇ ಕಟಿಂಗ್ ಪ್ಲೇಯರ್ ತೆಗೆದುಕೊಂಡು ಅತ್ತಿಮರದ ಸುತ್ತಲಿನ ತಂತಿಯನ್ನು ಒಂದೊಂದಾಗಿ ಕತ್ತರಿಸಿದ. ಅಂಗೈ ತರಚಿತು. ಕಂಬಗಳನ್ನು ಅಲುಗಾಡಿಸಿ ಕಿತ್ತು ಪೊದೆಯಾಚೆ ಎಸೆಯುವಷ್ಟರಲ್ಲಿ ಸಂಜೆ ಐದಾಗಿತ್ತು. ಜಾರುಬಂಡೆಯ ಬಳಿ ಐದಾರು ಮಕ್ಕಳು ಆಡುತ್ತಿದ್ದವು.

“ಬನ್ರೋ!” ಎಂದು ಕರೆದ. ಇಷ್ಟು ವರ್ಷ ಬೈದ ಗಂಟಲು. ಕರೆದದ್ದೂ ಬೈದ ಹಾಗೇ ಕೇಳಿಸಿತು. ಮಕ್ಕಳು ಗಕ್ಕನೆ ನಿಂತವು.

“ಹೋಗ್ಬೇಡ್ರೋ, ಹಿಡ್ಕೊಂಡ್ಬಿಡ್ತಾನೆ!” ಎಂದು ಒಬ್ಬಳು ಕಿರುಚಿದ್ದೇ ತಡ, ಎಲ್ಲ ದಿಕ್ಕಾಪಾಲಾಗಿ ಓಡಿದವು.

ಮಾಲಿ ತುದಿಗಾಲಲ್ಲಿ ನಿಂತು ಕೊಂಬೆಯೊಂದನ್ನು ಹಿಡಿದ. ಎರಡೂ ಕೈಯಲ್ಲಿ ಜಗ್ಗಿ, ನಾಲ್ಕು ವರ್ಷದ ಮಗುವಿಗೆ ಎಟುಕುವಷ್ಟು ಕೆಳಗೆ ತಂದು, ಖಾಲಿ ಜಾರುಬಂಡೆಯತ್ತ ನೋಡುತ್ತ, ತೋಳು ನಡುಗಿದರೂ ಬಿಡದೆ ಹಿಡಿದುಕೊಂಡೇ ನಿಂತ.